ಒಂದೇ ಮೋಲ್ ಅನುಪಾತ, ಮೂರು ಬೇರೆ ಬೇರೆ ರಬ್ಬರ್. ಹಾರ್ಡ್ ಸೆಗ್ಮೆಂಟ್ ಒಳಗೆ ಏನು ನಡೆಯುತ್ತಿದೆ?

ಎಳೆದುನೋಡು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತಲೆ ತಿನ್ನುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ನನಗೆ ಬೇಕಿರುವುದು ಬಿಸಿಲಿಗೆ ಹಳದಿಯಾಗದ, ಪಾರದರ್ಶಕವಾದ, ಎಳೆದು ಬಿಟ್ಟರೆ ವಾಪಸ್ ಬರುವ ಪಾಲಿಯುರೆಥೇನ್ ಫಿಲ್ಮ್. ಸಾಫ್ಟ್ ಸೆಗ್ಮೆಂಟ್ (ಸರಪಳಿಯ ಮೆತ್ತಗಿನ ಭಾಗ) ಪಿಟಿಎಂಒ ಎಂಬ ಪಾಲಿಈಥರ್, ಅಣುತೂಕ 2000. ಚೈನ್ ಎಕ್ಸ್‌ಟೆಂಡರ್ (ಸರಪಳಿ ಉದ್ದ ಮಾಡುವ ಸಣ್ಣ ಅಣು) 1,4-ಬ್ಯುಟೇನ್‌ಡಯಾಲ್; ಇದೂ ಡೈಐಸೊಸಯನೇಟೂ ಸೇರಿ ಆಗುವ ಗಡಸು ಭಾಗವೇ ಹಾರ್ಡ್ ಸೆಗ್ಮೆಂಟ್. ಡೈಐಸೊಸಯನೇಟ್ (ಎರಡು ಎನ್‌ಸಿಒ ಗುಂಪುಗಳಿರುವ ಅಣು) ಮಾತ್ರ ಬದಲಿಸಿ ಮೂರು ಮಾಡಿದೆ: ಎಂಡಿಐ, ಐಪಿಡಿಐ, ಎಚ್‌ಡಿಐ. ಮೂರಕ್ಕೂ ಪಿಟಿಎಂಒ, ಡೈಐಸೊಸಯನೇಟ್, ಬ್ಯುಟೇನ್‌ಡಯಾಲ್ ಮೋಲ್ ಅನುಪಾತ 1:3:2. ಡಿಎಂಎಫ್ ದ್ರಾವಕದಲ್ಲಿ ಎರಡು ಹಂತ. ಮೊದಲು ಪ್ರಿಪಾಲಿಮರ್ (ಪಿಟಿಎಂಒ, ಡೈಐಸೊಸಯನೇಟ್ ಮಾತ್ರ ಸೇರಿದ ಗಿಡ್ಡ ಸರಪಳಿ) 80 ಡಿಗ್ರಿಯಲ್ಲಿ ಎರಡು ಗಂಟೆ, ಆಮೇಲೆ ಬ್ಯುಟೇನ್‌ಡಯಾಲ್. ಟೆಫ್ಲಾನ್ ತಟ್ಟೆಗೆ ಸುರಿದು 60 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ, ಒಂದು ದಿನ ವ್ಯಾಕ್ಯೂಮ್‌ನಲ್ಲಿ ಇಟ್ಟೆ.

ಬಂದದ್ದು ಹೀಗೆ. ಎಂಡಿಐ ಫಿಲ್ಮ್ ಸ್ವಲ್ಪ ಮಬ್ಬು, ಒಳ್ಳೆಯ ರಬ್ಬರ್, ಎಷ್ಟು ಎಳೆದರೂ ಹರಿಯುವುದಿಲ್ಲ. ಐಪಿಡಿಐ ನೀರಿನಷ್ಟು ತಿಳಿ, ನೋಡಿದಾಗ ಖುಷಿಯಾಯಿತು. ಆದರೆ ಬೆರಳಿಗೆ ಅಂಟುತ್ತದೆ, ಎಳೆದರೆ ಎಳೆದಷ್ಟೂ ಬರುತ್ತದೆ, ಬಿಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ಎಚ್‌ಡಿಐ ಬೆಳ್ಳಗೆ, ಗಟ್ಟಿ. ಮೊದಮೊದಲು ಎಳೆಯಲು ಬಲ ಬೇಕು. ನಂತರ ಒಂದು ಕಡೆ ಸಣಕಲಾಗಿ, ಹಾಗೇ ಉಳಿದುಬಿಡುತ್ತದೆ.

ನಮ್ಮ ಗೈಡ್ "ಎಲ್ಲ ಹೈಡ್ರೋಜನ್ ಬಂಧದ ಆಟ" ಎಂದರು. ಆದರೆ ಮೂರರಲ್ಲೂ ಯುರೆಥೇನ್ ಗುಂಪುಗಳ (ಎನ್‌ಸಿಒ ಮತ್ತು ಡಯಾಲ್‌ನ ಒಎಚ್ ಸೇರಿ ಆಗುವ ಕೊಂಡಿ) ಲೆಕ್ಕ ಒಂದೇ ಅಲ್ವಾ? ಹಾಗಾದರೆ ಹೈಡ್ರೋಜನ್ ಬಂಧಗಳೂ ಒಂದೇ ಆಗಬೇಕಲ್ಲ?

ಇನ್ನೊಂದು. ಅದೇ ಎಂಡಿಐ ಫಿಲ್ಮ್ ಎರಡನೇ ದಿನ ಎಳೆದಾಗ ಒಂದು ಗ್ರಾಫ್, ಹನ್ನೆರಡನೇ ದಿನ ಎಳೆದಾಗ ಬೇರೆ ಗ್ರಾಫ್. ಮೆಷಿನ್ ಕೆಟ್ಟಿದೆಯೇನೋ ಎಂದು ಲೋಡ್ ಸೆಲ್ ಕೂಡ ಪರೀಕ್ಷಿಸಿದೆ. ಸರಿಯಾಗಿಯೇ ಇದೆ.

ಹಳೇರಿಯಾಕ್ಟರ್:

ಲೋಡ್ ಸೆಲ್ ಪಾಪ, ಅದನ್ನು ಬಿಡಿ.

ಟಿಪಿಯು (ಬಿಸಿಗೆ ಕರಗುವ ಪಾಲಿಯುರೆಥೇನ್ ರಬ್ಬರ್) ಮಾಡುವ ಕಡೆ ಹದಿನೇಳು ವರ್ಷ ರಿಯಾಕ್ಟರ್ ಪಕ್ಕದಲ್ಲೇ ನಿಂತಿದ್ದೆ. ಆ ಅನುಭವದಿಂದ ಹೇಳುತ್ತೇನೆ, ಪುಸ್ತಕದವರು ತಿದ್ದಲಿ.

ಮೊದಲು ಲೆಕ್ಕ. ನೀವು ಅನುಪಾತ ಒಂದೇ ಇಟ್ಟಿದ್ದೀರಿ, ಆದರೆ ಹಾರ್ಡ್ ಸೆಗ್ಮೆಂಟ್ ತೂಕ ಒಂದೇ ಇಲ್ಲ. ಎಂಡಿಐ ಅಣುತೂಕ 250. ಮೂರು ಎಂಡಿಐ, ಎರಡು ಬ್ಯುಟೇನ್‌ಡಯಾಲ್ ಸೇರಿ 930 ಆಗುತ್ತದೆ, ಅದಕ್ಕೆ 2000 ಪಿಟಿಎಂಒ. ಅಂದರೆ ಹಾರ್ಡ್ ಸೆಗ್ಮೆಂಟ್ ಸುಮಾರು ಶೇ. 32. ಐಪಿಡಿಐ 222, ಅದೇ ಲೆಕ್ಕಕ್ಕೆ ಶೇ. 30 ಬರುತ್ತದೆ. ಎಚ್‌ಡಿಐ 168, ಶೇ. 25.5 ಮಾತ್ರ. ಈಗ ನಿಮ್ಮ ಫಲಿತಾಂಶ ಇನ್ನೊಮ್ಮೆ ನೋಡಿ. ಹಾರ್ಡ್ ಸೆಗ್ಮೆಂಟ್ ಎಲ್ಲಕ್ಕಿಂತ ಕಡಿಮೆ ಇರುವ ಎಚ್‌ಡಿಐ ಫಿಲ್ಮೇ ಗಟ್ಟಿ! ಎಂಡಿಐಗೂ ಐಪಿಡಿಐಗೂ ಎರಡೇ ಶೇಕಡಾ ವ್ಯತ್ಯಾಸ, ಆದರೆ ಒಂದು ರಬ್ಬರ್, ಇನ್ನೊಂದು ಅಂಟು. ಹಾಗಾಗಿ ಶೇಕಡಾ ಹಿಡಿದುಕೊಂಡು ಕೂತರೆ ಉತ್ತರ ಸಿಗುವುದಿಲ್ಲ.

ಉತ್ತರ ಇರುವುದು ಆಕಾರದಲ್ಲಿ. ಸೌದೆ ಕಟ್ಟಿದ್ದೀರಾ? ನೇರ ಕಡ್ಡಿಗಳಾದರೆ ಒತ್ತಾಗಿ ಕೂರುತ್ತವೆ, ಒಂದು ಸುತ್ತು ಹಗ್ಗ ಸಾಕು. ಡೊಂಕು ಕೊಂಬೆಗಳಾದರೆ ಎಷ್ಟು ಬಿಗಿದರೂ ನಡುವೆ ಸಂದು. ಹಾರ್ಡ್ ಸೆಗ್ಮೆಂಟ್‌ಗಳು ಒಂದರ ಪಕ್ಕ ಒಂದು ಕೂತು ಹೊರೆಯಾದರೆ, ಆ ಹೊರೆಯೇ ರಬ್ಬರಿನ ಗಂಟು. ಗಂಧಕ ಹಾಕಿ ರಬ್ಬರ್ ವಲ್ಕನೈಸ್ ಮಾಡುವಾಗ ಬರುವ ಗಂಟಿನ ಕೆಲಸವನ್ನೇ ಇದು ಮಾಡುತ್ತದೆ, ಬಿಸಿ ಮಾಡಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಹೊರೆ ಕಟ್ಟಿಕೊಳ್ಳಲಾಗದ ಕಡ್ಡಿಗಳು ಪಿಟಿಎಂಒ ದಾರಗಳ ಮಧ್ಯೆ ಸುಮ್ನೆ ಕರಗಿಕೊಂಡು ಕೂರುತ್ತವೆ. ಗಂಟಿಲ್ಲದ ದಾರ ಎಳೆದರೆ ಜಾರುತ್ತದೆ. ಅದೇ ನಿಮ್ಮ ಐಪಿಡಿಐ.

ಐಪಿಡಿಐ ಉಂಗುರದ ಚಿತ್ರ ಒಮ್ಮೆ ಕೈಯಲ್ಲಿ ಬರೆದು ನೋಡಿ. ಎರಡು ಎನ್‌ಸಿಒ ಎರಡು ತರಹ: ಒಂದು ನೇರ ಉಂಗುರದ ಮೇಲೆ, ಇನ್ನೊಂದು ಸಿಎಚ್2 ತುದಿಯಲ್ಲಿ. ಮೂರು ಮೀಥೈಲ್‌ಗಳು ಅಡ್ಡ ಚಾಚಿಕೊಂಡಿವೆ. ಮೇಲೆ ಸಿಸ್ (ಗುಂಪುಗಳು ಉಂಗುರದ ಒಂದೇ ಬದಿಗೆ), ಟ್ರಾನ್ಸ್ (ಎದುರು ಬದಿಗೆ) ಎರಡೂ ಬೆರೆತಿವೆ. ಸರಪಳಿಗೆ ಸೇರುವಾಗ ತಲೆ ಮೊದಲೋ ಬಾಲ ಮೊದಲೋ ಎಂಬುದೂ ಒಂದೇ ರೀತಿ ಇರುವುದಿಲ್ಲ. ಒಂದು ಕಡ್ಡಿಯಂತೆ ಇನ್ನೊಂದಿಲ್ಲ. ಹರಳು ಎಲ್ಲಿಂದ ಬರಬೇಕು?

ಎಚ್‌ಡಿಐ ಇದಕ್ಕೆ ಪೂರ್ತಿ ಉಲ್ಟಾ. ಆರು ಸಿಎಚ್2ಗಳ ನೇರ ಸರಪಳಿ, ಅದಕ್ಕೆ ನಾಲ್ಕು ಸಿಎಚ್2ಗಳ ಬ್ಯುಟೇನ್‌ಡಯಾಲ್. ಇವೆರಡನ್ನೇ ಸೇರಿಸಿದರೆ ಬರುವ ಪಾಲಿಮರ್ ಹೊಸದೇನಲ್ಲ. 1937ರಲ್ಲಿ ಒಟ್ಟೊ ಬೇಯರ್ ತಂಡ ಪಾಲಿಯುರೆಥೇನ್ ಶುರು ಮಾಡಿತಲ್ಲ, ಆ ಕಾಲದಲ್ಲೇ ಅವರು ನೈಲಾನ್‌ಗೆ ಎದುರಾಗಿ ಪರ್ಲಾನ್ ಯು ಎಂಬ ನೂಲು ಮಾಡಿದ್ದರು. ಅದು ಇದೇ ಜೋಡಿ. 180 ಡಿಗ್ರಿ ಆಸುಪಾಸಿನಲ್ಲಿ ಕರಗುವ ಹರಳು ಪದಾರ್ಥ. ಅಂದರೆ ನಿಮ್ಮ ಬಿಳಿ ಫಿಲ್ಮ್ ಒಳಗೆ ತುಂಡು ತುಂಡು ಪರ್ಲಾನ್ ಕೂತಿದೆ. ಬೆಳಕು ಚದುರುವಷ್ಟು ದೊಡ್ಡ ಹರಳು ಗುಂಪುಗಳಾಗಿವೆ, ಅದಕ್ಕೇ ಬಿಳಿ. ಆ ಹರಳುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಶುರುವಿನಲ್ಲಿ ಗಟ್ಟಿ. ಎಳೆದಾಗ ಮುರಿಯುತ್ತವೆ, ತಿರುಗುತ್ತವೆ, ಹೊಸ ಜಾಗದಲ್ಲಿ ಮತ್ತೆ ಕೂರುತ್ತವೆ. ಹಾಗಾಗಿ ವಾಪಸ್ ಬರುವುದಿಲ್ಲ.

ಎಂಡಿಐ ನಡುವೆ ಒಂದು ಸಿಎಚ್2 ಮೊಣಕೈ ಇದೆ, ಆದರೂ ಎರಡೂ ಕಡೆ ಒಂದೇ ತರಹ. ಬ್ಯುಟೇನ್‌ಡಯಾಲ್ ಜೊತೆ ಚೆನ್ನಾಗಿಯೇ ಜೋಡಿಸಿಕೊಳ್ಳುತ್ತದೆ, ಅತಿಯಾಗಿ ಅಲ್ಲ. ದಶಕಗಳಿಂದ ಎಲ್ಲರೂ ಇದೇ ಜೋಡಿಗೆ ಅಂಟಿಕೊಂಡಿರುವುದು ಸೋಮಾರಿತನದಿಂದಲ್ಲ.

ಈಗ ನಿಮ್ಮ ಗೈಡ್ ಮಾತು. ಹೈಡ್ರೋಜನ್ ಬಂಧ ಮುಖ್ಯ, ಇಲ್ಲವೆನ್ನಲ್ಲ. ಆದರೆ "ಎಲ್ಲ ಅದರದ್ದೇ ಆಟ" ಎನ್ನುವಂತಿಲ್ಲ. 1969ರಲ್ಲಿ ಹ್ಯಾರೆಲ್ ಎಂಬವರು ಪೈಪರಜೀನ್ ಹಾಕಿ ಪಾಲಿಯುರೆಥೇನ್ ಮಾಡಿದರು. ಪೈಪರಜೀನ್‌ನಿಂದ ಬಂದ ಯುರೆಥೇನ್‌ನಲ್ಲಿ ಎನ್‌ಎಚ್ ಇರುವುದೇ ಇಲ್ಲ. ಎನ್‌ಎಚ್ ಇಲ್ಲದೆ ಹೈಡ್ರೋಜನ್ ಬಂಧ ಎಲ್ಲಿಂದ? ಆದರೂ ಒಳ್ಳೆಯ ರಬ್ಬರ್ ಬಂತು. ಹಾರ್ಡ್ ಸೆಗ್ಮೆಂಟ್‌ಗಳೆಲ್ಲ ಒಂದೇ ಉದ್ದ ಇರುವಂತೆ ಮಾಡಿದಾಗ ಇನ್ನೂ ಚೆನ್ನಾಗಿ ಬಂತು. ಮೊದಲು ಜೋಡಣೆ. ಹೈಡ್ರೋಜನ್ ಬಂಧ ಆ ಜೋಡಣೆಯನ್ನು ಬಿಗಿ ಮಾಡುತ್ತದೆ.

ಉದ್ದದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. 1:3:2 ಅಂದ ಕೂಡಲೇ ಪ್ರತಿ ಹಾರ್ಡ್ ಸೆಗ್ಮೆಂಟ್‌ನಲ್ಲೂ ಮೂರು ಎಂಡಿಐ ಇವೆ ಅಂದುಕೊಳ್ಳುತ್ತೇವೆ. ಮೂರು ಎಂಬುದು ಸರಾಸರಿ ಅಷ್ಟೇ. ಎಲ್ಲ ಗುಂಪುಗಳೂ ಒಂದೇ ವೇಗದಲ್ಲಿ ಸೇರುತ್ತವೆ ಎಂದಿಟ್ಟುಕೊಳ್ಳಿ. ಡಯಾಲ್‌ಗಳಲ್ಲಿ ಮೂರರಲ್ಲಿ ಎರಡು ಬ್ಯುಟೇನ್‌ಡಯಾಲ್, ಒಂದು ಪಿಟಿಎಂಒ. ಹಾಗಾಗಿ ಎಂಡಿಐನ ಒಂದು ಬದಿಯಲ್ಲಿ ಪಿಟಿಎಂಒ ಸಿಗುವ ಸಾಧ್ಯತೆ ಮೂರರಲ್ಲಿ ಒಂದು, ಎರಡೂ ಬದಿಯಲ್ಲಿ ಸಿಗುವುದು ಒಂಬತ್ತರಲ್ಲಿ ಒಂದು. ಅಂದರೆ ಹಾಕಿದ ಎಂಡಿಐನಲ್ಲಿ ಶೇ. 11 ಒಂಟಿ. ಹಾರ್ಡ್ ಸೆಗ್ಮೆಂಟ್‌ಗಳನ್ನು ತಲೆ ಎಣಿಸಿದರೆ ಮೂರನೇ ಒಂದು ಭಾಗ ಈ ಒಂಟಿಗಳೇ! ಆರು ಅಥವಾ ಹೆಚ್ಚು ಎಂಡಿಐ ಇರುವ ಉದ್ದನೆಯವು ಶೇ. 13. ಒಂಟಿಗಳು ಹೊರೆಗೆ ಸೇರದೆ ಪಿಟಿಎಂಒ ಒಳಗೇ ಉಳಿಯುತ್ತವೆ, ಅದರ ಗ್ಲಾಸ್ ಟ್ರಾನ್ಸಿಷನ್ (ಗಾಜಿನಂತೆ ಗಟ್ಟಿಯಿದ್ದದ್ದು ಮೆತ್ತಗಾಗುವ ಉಷ್ಣತೆ) ಮೇಲೆತ್ತುತ್ತವೆ. ಉದ್ದನೆಯವು ಮೊದಲು ಹರಳಾಗುತ್ತವೆ.

ಪ್ರಿಪಾಲಿಮರ್ ಮಾಡಿದ್ದರಿಂದ ಇದು ತಪ್ಪಿತು ಅಂದುಕೊಳ್ಳಬೇಡಿ. ಎರಡೂ ಎನ್‌ಸಿಒ ಒಂದೇ ವೇಗದಲ್ಲಿ ಪ್ರತಿಕ್ರಿಯಿಸಿದರೆ ಎರಡು ಹಂತದಲ್ಲಿ ಮಾಡಿದರೂ ಇದೇ ಹಂಚಿಕೆ ಬರುತ್ತದೆ. ಒಂದು ಸೇರಿದ ಮೇಲೆ ಇನ್ನೊಂದು ನಿಧಾನವಾದರೆ ಮಾತ್ರ ಉದ್ದಗಳು ಹತ್ತಿರ ಹತ್ತಿರ ಬರುತ್ತವೆ.

ಒಂದು ಹಳೆಯ ಕಥೆ ಹೇಳಿ ನಿಲ್ಲಿಸುತ್ತೇನೆ. ನಾನಿದ್ದ ಒಂದು ಕಡೆ, ಕರಗಿಸುವ ಉಷ್ಣತೆ ಸ್ವಲ್ಪ ಇಳಿಸೋಣ ಎಂದು ಬ್ಯುಟೇನ್‌ಡಯಾಲ್‌ನ ಕಾಲು ಭಾಗ ತೆಗೆದು ನಿಯೊಪೆಂಟೈಲ್ ಗ್ಲೈಕಾಲ್ ಹಾಕಿದರು. ಮೋಲ್ ಲೆಕ್ಕ ಸರಿ, ಶೇಕಡಾ ಸರಿ, ಕಾಗದದಲ್ಲಿ ಎಲ್ಲ ಸರಿ. ಆ ಗ್ಲೈಕಾಲ್ ನಡುವೆ ಎರಡು ಮೀಥೈಲ್‌ಗಳು ಅಡ್ಡ ನಿಂತಿವೆ ಎಂಬುದು ಯಾರ ತಲೆಗೂ ಬರಲಿಲ್ಲ. ಕಾಳುಗಳು ನೀರಿನಿಂದ ಹೊರಬಂದಾಗ ಚೆನ್ನಾಗಿಯೇ ಇದ್ದವು. ಮರುದಿನ ಬೆಳಗ್ಗೆ ಕಾಳುಗಳೆಲ್ಲ ಅಂಟಿಕೊಂಡು ಒಂದೊಂದು ಚೀಲವೂ ಒಂದೊಂದು ದಿಂಬು. ಸುತ್ತಿಗೆ ತೆಗೆದುಕೊಂಡು ಒಡೆದವರಲ್ಲಿ ನಾನೂ ಒಬ್ಬ.

ಪೀಕ್‌ಹುಡುಕಿ:

ಹಳೇರಿಯಾಕ್ಟರ್ ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಒಂದು ಅನುಮಾನ ಮೊದಲು ತೀರಿಸಿಕೊಳ್ಳಿ. ನಿಮ್ಮ ಐಪಿಡಿಐ ಪ್ರತಿಕ್ರಿಯೆ ಮುಗಿದಿತ್ತಾ? ಎಂಡಿಐಗೆ 80 ಡಿಗ್ರಿಯಲ್ಲಿ ಎರಡು ಗಂಟೆ ಸಾಕು. ಐಪಿಡಿಐ ನಿಧಾನದ ಆಸಾಮಿ, ಕ್ಯಾಟಲಿಸ್ಟ್ ಇಲ್ಲದೆ ಅಷ್ಟರಲ್ಲಿ ಮುಗಿಯುವುದು ಅನುಮಾನ. ಐಆರ್‌ನಲ್ಲಿ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್; ಪೀಕ್ ಸಂಖ್ಯೆಗಳೆಲ್ಲ ಸೆಂ.ಮೀ⁻¹) 2270ರ ಹತ್ತಿರ ಎನ್‌ಸಿಒ ಪೀಕ್ ಪೂರ್ತಿ ಹೋಗಿದೆಯೇ ನೋಡಿ. ಹೋಗಿಲ್ಲದಿದ್ದರೆ ನಿಮ್ಮ ಅಂಟಿಗೆ ಆಕಾರ ಮಾತ್ರ ಕಾರಣವಲ್ಲ, ಸರಪಳಿಯೇ ಗಿಡ್ಡ ಇದೆ. ಎರಡನ್ನೂ ಕಲಸಿ ಥೀಸಿಸ್‌ನಲ್ಲಿ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. (ನಾನು ಸಿಕ್ಕಿಬಿದ್ದಿದ್ದೆ. ಅದು ಬೇರೆ ಪಾಲಿಮರ್, ಬೇರೆ ದುಃಖ.)

ಹೈಡ್ರೋಜನ್ ಬಂಧಗಳ ಲೆಕ್ಕ ಒಂದೇ ಆಗಬೇಕಲ್ಲ ಎಂದು ಕೇಳಿದ್ದಿರಿ. ಬಂಧ ಇದೆಯೋ ಇಲ್ಲವೋ ಎಂಬುದಕ್ಕಿಂತ ಯಾರ ಜೊತೆ ಇದೆ ಎಂಬುದು ಮುಖ್ಯ. ಎನ್‌ಎಚ್‌ಗೆ ಎರಡು ಕಡೆ ಕೈ ಚಾಚಲು ಅವಕಾಶ ಇದೆ. ಪಕ್ಕದ ಯುರೆಥೇನ್‌ನ ಕಾರ್ಬೊನಿಲ್ (ಸಿ=ಒ) ಹಿಡಿದರೆ ಗಂಟು ಬಿಗಿಯಾಗುತ್ತದೆ. ಪಿಟಿಎಂಒದ ಈಥರ್ ಆಕ್ಸಿಜನ್ ಹಿಡಿದರೆ ಹಾರ್ಡ್ ಸೆಗ್ಮೆಂಟ್ ಸಾಫ್ಟ್ ಒಳಗೆ ಕರಗಿದೆ ಎಂದರ್ಥ. ಎನ್‌ಎಚ್ ಪೀಕ್ ನೋಡಿದರೆ ಎರಡೂ ಸಲ "ಬಂಧ ಇದೆ" ಎಂದೇ ಕಾಣುತ್ತದೆ, 3300ರಿಂದ 3330ರ ನಡುವೆ. ಅದಕ್ಕೇ ಕಾರ್ಬೊನಿಲ್ ಕಡೆ ನೋಡಬೇಕು. ಎಂಡಿಐನಲ್ಲಿ ಬಂಧವಿಲ್ಲದ ಕಾರ್ಬೊನಿಲ್ 1730ರ ಸುತ್ತ, ಸಾಲಾಗಿ ಕೂತು ಬಂಧವಾದದ್ದು 1703ರ ಸುತ್ತ. ಎಚ್‌ಡಿಐನಲ್ಲಿ ಸಾಲಾದದ್ದು ಇನ್ನೂ ಕೆಳಗೆ, 1685ರ ಹತ್ತಿರ ಚೂಪಾಗಿ ಬರುತ್ತದೆ. ಐಪಿಡಿಐನಲ್ಲಿ ಚೂಪಾದದ್ದು ಏನೂ ಸಿಗದೆ ಒಂದು ಅಗಲ ದಿಬ್ಬ ಸಿಕ್ಕಿದರೆ ಆಶ್ಚರ್ಯ ಪಡಬೇಡಿ. ನಿಮ್ಮದು ಪಾಲಿಈಥರ್ ಆಗಿರುವುದು ಅದೃಷ್ಟ. ಪಾಲಿಎಸ್ಟರ್ ಆಗಿದ್ದರೆ ಎಸ್ಟರ್ ಕಾರ್ಬೊನಿಲ್ ಬಂದು 1730ರಲ್ಲೇ ಕೂತು ಎಲ್ಲ ಮುಚ್ಚುತ್ತಿತ್ತು.

ಎರಡನೇ ದಿನ, ಹನ್ನೆರಡನೇ ದಿನದ ಪ್ರಶ್ನೆ: ಹಾರ್ಡ್ ಸೆಗ್ಮೆಂಟ್‌ಗಳು ಕೋಣೆಯ ಉಷ್ಣತೆಯಲ್ಲೂ ನಿಧಾನವಾಗಿ ಜೋಡಿಸಿಕೊಳ್ಳುತ್ತಲೇ ಇರುತ್ತವೆ. ಡಿಎಸ್‌ಸಿಯಲ್ಲಿ (ಬಿಸಿ ಮಾಡುತ್ತಾ ಶಾಖದ ಹರಿವು ಅಳೆಯುವ ಯಂತ್ರ) ನೋಡಿದರೆ, ಫಿಲ್ಮ್ ಇಟ್ಟಿದ್ದ ಉಷ್ಣತೆಗಿಂತ 20–30 ಡಿಗ್ರಿ ಮೇಲೆ ಒಂದು ಸಣ್ಣ ಗುಳಿ ಕಾಣುತ್ತದೆ. ಮೊದಲು ಇದನ್ನು ಹೈಡ್ರೋಜನ್ ಬಂಧ ಮುರಿಯುವ ಗುರುತು ಎಂದುಕೊಂಡಿದ್ದರು. 1970ರ ದಶಕದ ಶುರುವಿನಲ್ಲಿ ಸೀಮೋರ್ ಮತ್ತು ಕೂಪರ್ ಫಿಲ್ಮನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ನೋಡಿದರು. ಇಟ್ಟ ಉಷ್ಣತೆ ಏರಿದಂತೆ ಗುಳಿಯೂ ಮೇಲಿನ ಉಷ್ಣತೆಗೆ ಸರಿಯುತ್ತಾ ಹೋಯಿತು. ಬಂಧ ಮುರಿಯುವ ಉಷ್ಣತೆ ಹಾಗೆ ಸರಿದಾಡಬಾರದಲ್ಲ. ಅದು ಜೋಡಣೆಯ ಗುರುತು. ಹಾಗಾಗಿ ಮೂರೂ ಫಿಲ್ಮ್‌ಗಳಿಗೆ ಒಂದೇ ಬಿಸಿ, ಒಂದೇ ಕಾಯುವಿಕೆ ಕೊಡಿ. ಯಾವ ದಿನ ಎಳೆದಿರಿ ಎಂಬುದನ್ನೂ ಬರೆದಿಡಿ.

ಬರೀಪ್ರಶ್ನೆ:

ನೇರ ಕಡ್ಡಿ ಒಳ್ಳೆಯದು ಎಂದಾದರೆ ಪ್ಯಾರಾ-ಫೀನೈಲೀನ್ ಡೈಐಸೊಸಯನೇಟ್ ಹಾಕಿದರೆ ಮುಗಿಯಿತಲ್ಲ? ಅದಕ್ಕಿಂತ ನೇರ ಯಾವುದಿದೆ?

ಹಳೇರಿಯಾಕ್ಟರ್:

ಕಡ್ಡಿಯ ಮಟ್ಟಿಗೆ ನೀವು ಹೇಳಿದ್ದು ಸರಿ. ಅದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದರೆ ಚೈನ್ ಎಕ್ಸ್‌ಟೆಂಡರ್ ಹಾಕದೆ, ಬರೀ ಪಿಟಿಎಂಒ ಜೊತೆ ಒಂದಕ್ಕೊಂದು ಸೇರಿಸಿದರೂ ರಬ್ಬರ್ ಸಿಗುತ್ತದೆ. ನಾನು ಮೇಲೆ "ಒಂಟಿ" ಎಂದು ಬೈದೆನಲ್ಲ, ಆ ಒಂಟಿಗಳೇ ಇಲ್ಲಿ ಹೊರೆ ಕಟ್ಟುತ್ತವೆ! ಅದೇ ಜಾಗಕ್ಕೆ ಮೆಟಾ ರೂಪ ಅಥವಾ 2,4-ಟಿಡಿಐ (ಟಾಲ್ವೀನ್ ಡೈಐಸೊಸಯನೇಟ್) ಹಾಕಿ ನೋಡಿ, ಬರುವುದು ಅಂಟು. ತೂಕ ಹೆಚ್ಚುಕಡಿಮೆ ಅದೇ, ಯುರೆಥೇನ್ ಲೆಕ್ಕ ಅದೇ. ಎನ್‌ಸಿಒ ಉಂಗುರದಲ್ಲಿ ಒಂದು ಮನೆ ಪಕ್ಕಕ್ಕೆ ಸರಿದದ್ದಷ್ಟೇ. ಆಕಾರ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಪ್ರಶ್ನೆ ಕೇಳಿದವರಿಗೆ ಬಿಸಿಲಿಗೆ ಹಳದಿಯಾಗದ್ದು ಬೇಕು. ಐಸೊಸಯನೇಟ್ ನೇರ ಬೆಂಜೀನ್ ಉಂಗುರಕ್ಕೆ ಅಂಟಿದ್ದರೆ ಬಿಸಿಲಿನಲ್ಲಿ ಹಳದಿ ಆಗಿಯೇ ಆಗುತ್ತದೆ. ಎಂಡಿಐಗೂ ಇದೇ ಪಾಡು. ಮೇಲೆ ಪ್ಯಾರಾ-ಫೀನೈಲೀನ್‌ದು ಘನವಾಗಿಯೇ ಆವಿಯಾಗುವ ಸರಕು. ಉಸಿರಿಗೆ ಹೋದರೆ ಆಟವಲ್ಲ.

ಐಪಿಡಿಐಯನ್ನೇ ಇಟ್ಟುಕೊಳ್ಳಬೇಕೆಂದರೆ ಇನ್ನೊಂದು ದಾರಿ ಇದೆ. ಬ್ಯುಟೇನ್‌ಡಯಾಲ್ ಬದಲು ಡೈಅಮೈನ್ ಹಾಕಿ. ಆಗ ಯುರೆಥೇನ್ ಜೊತೆ ಯೂರಿಯಾ ಬರುತ್ತದೆ. ಯೂರಿಯಾಕ್ಕೆ ಎರಡು ಎನ್‌ಎಚ್, ಎರಡೂ ಸೇರಿ ಒಂದೇ ಕಾರ್ಬೊನಿಲ್ ಹಿಡಿಯುತ್ತವೆ. ಕಡ್ಡಿ ಡೊಂಕಾದರೂ ಹಗ್ಗ ದಪ್ಪ ಎಂದುಕೊಳ್ಳಿ. ಅದಕ್ಕೆ ಕೊಡಬೇಕಾದ ಬೆಲೆ: ಕರಗಿಸಿ ಅಚ್ಚು ಹಾಕಲು ಆಗುವುದಿಲ್ಲ, ಕರಗುವ ಮೊದಲೇ ಕೆಡುತ್ತದೆ. ಸ್ಪ್ಯಾಂಡೆಕ್ಸ್ ನೂಲನ್ನು ಕರಗಿಸಿ ಎಳೆಯದೆ, ಹೆಚ್ಚಾಗಿ ದ್ರಾವಣದಿಂದ ಎಳೆಯುವುದು ಇದೇ ಕಾರಣಕ್ಕೆ. ನೀವು ಹೇಗೂ ದ್ರಾವಣದಿಂದಲೇ ಫಿಲ್ಮ್ ಮಾಡುತ್ತೀರಿ, ನಿಮಗೆ ತೊಂದರೆ ಇಲ್ಲ. ಆದರೆ ಡೈಅಮೈನ್ ಸಿಟ್ಟಿನ ಮನುಷ್ಯ. ಸುರಿದ ಕೂಡಲೇ ಗಂಟು ಗಂಟಾಗುತ್ತದೆ. ತಣ್ಣಗೆ ಮಾಡಿ, ತೆಳು ಮಾಡಿ, ಹನಿ ಹನಿಯಾಗಿ ಹಾಕಬೇಕು.

ಎಳೆದುನೋಡು:

ಎರಡು ವಾರ ಕಾಣೆಯಾಗಿದ್ದಕ್ಕೆ ಕ್ಷಮಿಸಿ. ಮಾಡಿಕೊಂಡೇ ಬಂದಿದ್ದೇನೆ.

ಪೀಕ್‌ಹುಡುಕಿ ಹೇಳಿದ್ದು ನಿಜವಾಯಿತು. ಐಪಿಡಿಐನಲ್ಲಿ 2270ರ ಪೀಕ್ ಚಿಕ್ಕದಾಗಿ ಉಳಿದಿತ್ತು. ನಾಚಿಕೆಯಾಯಿತು. ಕ್ಯಾಟಲಿಸ್ಟ್ ಆಗಿ ಡೈಬ್ಯುಟೈಲ್‌ಟಿನ್ ಡೈಲಾರೇಟ್ ಒಂದು ಹನಿ ಹಾಕಿ, ಪೀಕ್ ಹೋಗುವವರೆಗೆ ಬಿಟ್ಟು ಮತ್ತೆ ಮಾಡಿದೆ. ಬೆರಳಿಗೆ ಅಂಟುವುದು ಕಡಿಮೆಯಾಯಿತು, ಫಿಲ್ಮ್ ತಾನಾಗಿ ನಿಲ್ಲುತ್ತದೆ. ಆದರೆ ಎಳೆದರೆ ಈಗಲೂ ಮೆತ್ತಗೆ, ಈಗಲೂ ಪೂರ್ತಿ ವಾಪಸ್ ಬರುವುದಿಲ್ಲ. ಕಾರ್ಬೊನಿಲ್ ಹೇಳಿದಂತೆ ಒಂದು ಅಗಲ ದಿಬ್ಬ. 80 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೂ ದಿಬ್ಬ ಕದಲಲಿಲ್ಲ. ಎಂಡಿಐನಲ್ಲಿ ಅದೇ ಒಂದು ರಾತ್ರಿಗೆ 1703 ಎದ್ದು ನಿಂತಿತು.

ಎಚ್‌ಡಿಐಯನ್ನು ತೂಕದ ಲೆಕ್ಕಕ್ಕೆ ತರೋಣ ಎಂದು 1:4:3 ಮಾಡಿದೆ. ಲೆಕ್ಕ ಹಾಕಿದರೆ ಶೇ. 32, ಎಂಡಿಐಯಷ್ಟೇ. ಫಿಲ್ಮ್ ಇನ್ನೂ ಗಟ್ಟಿ, ಇನ್ನೂ ಬಿಳಿ. ಆಗ ತಲೆಗೆ ಹೊಳೆದದ್ದು: ತೂಕ ಸಮ ಮಾಡಲು ಹೋಗಿ ಸರಾಸರಿ ಉದ್ದವನ್ನು ಮೂರರಿಂದ ನಾಲ್ಕಕ್ಕೆ ಏರಿಸಿದ್ದೇನೆ. ಹಾಗಾದರೆ ಸರಿಯಾದ ಹೋಲಿಕೆ ಯಾವುದು, ಉದ್ದ ಸಮ ಮಾಡಿದ್ದೋ ತೂಕ ಸಮ ಮಾಡಿದ್ದೋ?

ಹಳೇರಿಯಾಕ್ಟರ್:

ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಯಾವುದನ್ನು ಹಿಡಿದಿರಿ ಎಂದು ಸ್ಪಷ್ಟವಾಗಿ ಬರೆಯಿರಿ. ಗ್ಲಾಸ್ ಟ್ರಾನ್ಸಿಷನ್, ಕರಗುವ ಉಷ್ಣತೆ ಹೋಲಿಸುವಾಗ ನಾನು ಉದ್ದ ಸಮ ಇಡುತ್ತೇನೆ. ಗಡಸುತನ ಹೋಲಿಸುವಾಗ ತೂಕ.

ಆದರೆ ಒಂದು ಜೋಡಿಯಲ್ಲಿ ಮಾತ್ರ ಎರಡೂ ತಾನಾಗಿ ಹೊಂದಿಕೊಳ್ಳುತ್ತವೆ, ನಿಮಗೆ ಬೇಕಿರುವುದೂ ಅದೇ. ಎಂಡಿಐನ ಬೆಂಜೀನ್ ಉಂಗುರಗಳಿಗೆ ಹೈಡ್ರೋಜನ್ ತುಂಬಿದರೆ ಸಿಗುವ ಎಚ್12-ಎಂಡಿಐ. ಅಣುತೂಕ 262. ನಿಮ್ಮ ಅದೇ 1:3:2ಕ್ಕೆ ಶೇ. 32.6 ಬರುತ್ತದೆ. ಬಿಸಿಲಿಗೆ ಹಳದಿಯಾಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದು ಮೂರು ಐಸೊಮರ್‌ಗಳ ಮಿಶ್ರಣ. ಟ್ರಾನ್ಸ್-ಟ್ರಾನ್ಸ್ ನೇರ ಕಡ್ಡಿ, ಉಳಿದವು ಡೊಂಕು. ಮಿಶ್ರಣವಾದ್ದರಿಂದ ದೊಡ್ಡ ಹರಳಾಗದೆ ಫಿಲ್ಮ್ ತಿಳಿಯಾಗಿ ಉಳಿಯುತ್ತದೆ, ಆದರೂ ಐಪಿಡಿಐಗಿಂತ ಚೆನ್ನಾಗಿ ಹೊರೆ ಕಟ್ಟುತ್ತದೆ. ಎಂಡಿಐಯಷ್ಟು ಬಿಗಿ ಬರುತ್ತದೆ ಎಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಇದೂ ನಿಧಾನದ್ದೇ, ಆ ಒಂದು ಹನಿ ಮರೆಯಬೇಡಿ.

ಎಳೆದುನೋಡು:

ಸರ್, ಪಕ್ಕದ ಲ್ಯಾಬ್‌ನವರ ಹತ್ತಿರ ಒಂದು ಬಾಟಲಿ ಇದೆ. ಫ್ರಿಜ್‌ನಲ್ಲಿಟ್ಟಿದ್ದರು. ಕೆಳಗೆ ಬಿಳಿ ಹರಳು ಕೂತಿದೆ, ಮೇಲೆ ತಿಳಿ ದ್ರವ. ಕೆಟ್ಟಿದೆಯೋ? ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಲೇ?

ಹಳೇರಿಯಾಕ್ಟರ್:

ಬಗ್ಗಿಸಬೇಡಿ! ಕೆಳಗೆ ಕೂತಿರುವುದು ಬಹುಶಃ ಟ್ರಾನ್ಸ್-ಟ್ರಾನ್ಸ್, ಚಳಿಗೆ ಅದೇ ಮೊದಲು ಹರಳಾಗುವುದು. ಮೇಲಿನದನ್ನಷ್ಟೇ ತೆಗೆದರೆ ಬರೀ ಡೊಂಕು ಕಡ್ಡಿಗಳು ಸಿಗುತ್ತವೆ. ಬಾಟಲಿಯನ್ನು ಮುಚ್ಚಿದಂತೆಯೇ 50 ಡಿಗ್ರಿಯಲ್ಲಿಟ್ಟು, ಹರಳು ಪೂರ್ತಿ ಕರಗಿದ ಮೇಲೆ ಚೆನ್ನಾಗಿ ಕಲಸಿ ಬಳಸಿ. ಕರಗದೆ ಬಿಳಿ ಪುಡಿ ಉಳಿದರೆ ನೀರು ಸೇರಿ ಯೂರಿಯಾ ಆಗಿದೆ ಎಂದರ್ಥ. ಆಗ ಡೈಬ್ಯುಟೈಲ್‌ಅಮೈನ್ ಟೈಟ್ರೇಷನ್ ಮಾಡಿ ಎನ್‌ಸಿಒ ಎಷ್ಟು ಉಳಿದಿದೆ ನೋಡಿ, ಆಮೇಲೆ ತೂಗಿ.